ಎಡೆಯಿಲ್ಲದ ಹದಿನಾಲ್ಕು ಅಮಾವಾಸ್ಯೆ

“ನಡೀತಿದೆ ತಾಯಿ, ಚೆನ್ನಾಗಿ ನಡೀತಿದೆ” ಎಂದು ಹೇಳಿ ಫೋನು ಕೆಳಗಿಟ್ಟ ಮೇಲೆ ಡಾಕ್ಟರ್ ಸುಧೀಂದ್ರನಿಗೆ ಯಾರ ಮೇಲಾದರೂ ಹರಿಹಾಯಬೇಕೆನ್ನಿಸಿತು. ಬಸವೇಶ್ವರನಗರದ ಆ ಮನೆಯಲ್ಲಿ ಹರಿಹಾಯಲು ಸಿಗುವವಳು ಹೆಂಡತಿ ಅನಂತಲಕ್ಷ್ಮಿಯೊಬ್ಬಳೇ. ಅವಳೋ ಎಳ್ಳು, ದರ್ಭೆ, ತಾಮ್ರದ ಹರಿವಾಣ ಎಲ್ಲವನ್ನೂ ಜೋಡಿಸಿಟ್ಟು, ಇವತ್ತು ಮಹಾಲಯ ಅಮಾವಾಸ್ಯೆ, ಆಸ್ಪತ್ರೆಯವರ ಸನ್ಮಾನಕ್ಕೆ ಹೊರಡುವ ಮುಂಚೆ ಅಪ್ಪ ಅಮ್ಮನಿಗೆ ತರ್ಪಣ ಬಿಟ್ಟು ಹೋಗಿ ಎಂದು ಬೆಳಗಿನಿಂದ ಮೂರು ಸಲ ಹೇಳಿದ್ದಳು. ನಾಲ್ಕನೆಯ ಸಲ, “ಅಮಾವಾಸ್ಯೆ ದಿನ ಯಾರಾದ್ರೂ ಸನ್ಮಾನ ಇಟ್ಕೊಳ್ತಾರೇನ್ರೀ” ಎಂದಳು. “ಮಂತ್ರಿಗೆ ಇವತ್ತೇ ಬಿಡುವಂತೆ. ಸತ್ತೋರಿಗೆ ಎರಡು ಹನಿ ನೀರು ಬಿಟ್ಟು ಏನಾಗ್ಬೇಕಾಗಿದೆ ಈಗ? ತೆಗೆದಿಡು ಅದನ್ನ” ಎಂದು ಕಿರುಚಿದ. ಅನಂತಲಕ್ಷ್ಮಿ ಹರಿವಾಣ ಎತ್ತಿಕೊಂಡು ಒಳಗೆ ಹೋದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವುದು ಅವನಿಗೆ ತಿಳಿಯದ್ದೇನಲ್ಲ. ಆಪರೇಷನ್ ಥಿಯೇಟರಿನಲ್ಲಿ ಕತ್ತರಿ ಬಿಸಾಡಿದವನು, ನರ್ಸುಗಳನ್ನು ಅಳಿಸಿದವನು, ಆಗೆಲ್ಲ ಅವನ ಕೋಪಕ್ಕೊಂದು ಮರ್ಯಾದೆಯಿತ್ತು, ದೊಡ್ಡ ಡಾಕ್ಟರು, ಸ್ವಲ್ಪ ಮುಂಗೋಪಿ ಎನ್ನುತ್ತಿದ್ದರು. ಎಪ್ಪತ್ತೊಂದು ತುಂಬಿ ಮನೆಯಲ್ಲಿ ಕೂತವನ ಕೋಪವನ್ನು ಮಾತ್ರ ಎಲ್ಲರೂ ಬಿ.ಪಿ. ಎನ್ನುತ್ತಾರೆ.

ಫೋನು ಮಾಡಿದ್ದವಳು ದೀಪಾಂಜಲಿ ನಗರದ ಯಶೋದಮ್ಮ. ಹದಿನಾಲ್ಕು ವರ್ಷದಿಂದ ಪ್ರತಿ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಆಕೆಯ ಫೋನು ಬರುತ್ತದೆ, ಪ್ರತಿ ಸಲವೂ ಅದೇ ಒಂದು ಪ್ರಶ್ನೆ, “ಸಾರ್, ನಡೀತಿದೆಯಾ?” ನಡೆಯಬೇಕಾದದ್ದು ಆಕೆಯ ಮಗ ಮಹದೇವನ ಹೃದಯ. ರಾಜಾಜಿನಗರದ ಲೇತ್ ಶಾಪಿನಲ್ಲಿ ಕೆಲಸಕ್ಕಿದ್ದ ಹುಡುಗ, ಇಪ್ಪತ್ತೆರಡು ವರ್ಷ, ಮಾಗಡಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಮಿದುಳು ಸತ್ತಿತ್ತು. ಹೃದಯ ಮಾತ್ರ ಗಟ್ಟಿಯಾಗಿತ್ತು. ಅದನ್ನು ಸುಧೀಂದ್ರ ಇನ್ನೊಬ್ಬನ ಎದೆಗೆ ಹೊಲಿದಿದ್ದ. ಆಕೆಯ ಜನ ಈ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಾಳೆಲೆಯ ತುಂಬ ಬಡಿಸಿ, ಕೆಂಡದ ಮೇಲೆ ಧೂಪ ಹಾಕಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಸತ್ತವರು ಬಂದು ಉಂಡು ಹೋಗುತ್ತಾರೆ. ವರ್ಷಕ್ಕೆ ಅದೊಂದೇ ಊಟ ಅವರಿಗೆ. ಯಶೋದಮ್ಮ ಹೋದ ಗಂಡನಿಗೆ ಎಡೆ ಇಡುತ್ತಾಳೆ, ಮಗನಿಗೆ ಇಡುವುದಿಲ್ಲ. ಗುಂಡಿಗೆ ಬಡಿದುಕೊಳ್ಳುತ್ತಿರುವವನಿಗೆ ಎಡೆ ಇಟ್ಟರೆ ಅವನಿಗೇ ಕೇಡು ಎಂದು ಆಕೆಯ ನಂಬಿಕೆ. ಆದ್ದರಿಂದ ಒಲೆ ಹಚ್ಚುವ ಮುಂಚೆ ಡಾಕ್ಟರನ್ನು ಕೇಳಿಕೊಳ್ಳುತ್ತಾಳೆ. ಡಾಕ್ಟರು ನಡೀತಿದೆ ಎನ್ನುತ್ತಾನೆ. ಆಕೆ ಒಂದು ಎಲೆ ಕಡಿಮೆ ಹಾಕುತ್ತಾಳೆ.

ಹೃದಯ ನಿಂತದ್ದು ಆಪರೇಷನ್ ಆದ ಒಂಬತ್ತನೆಯ ದಿನ.

ಈ ಬೆಳಿಗ್ಗೆ ಯಶೋದಮ್ಮ ಆ ಒಂದು ಪ್ರಶ್ನೆಗೇ ನಿಲ್ಲಿಸಲಿಲ್ಲ, ಅದೇ ಅವನ ಹೊಟ್ಟೆಗೆ ಬೆಂಕಿಯಿಟ್ಟದ್ದು. “ಸಾರ್, ನನಗೂ ಅರವತ್ತೆಂಟಾಯ್ತು, ಶುಗರ್ ಬೇರೆ. ಮಗಳು ಕಲಾ ಕೊಟ್ಟ ಹೆಣ್ಣು, ಅವಳು ಅವಳ ಗಂಡನ ಕಡೆ ಹಿರೀಕರಿಗೆ ಇಡ್ಬೇಕು. ನಾನು ಹೋದ್ಮೇಲೆ ಮಹದೇವನಿಗೆ ಎಲೆ ಹಾಕೋರು ಯಾರೂ ಇರಲ್ಲ. ಅದಕ್ಕೇ ಕೇಳ್ತಿರೋದು. ನಿಂತೋಗಿದ್ರೆ ನಿಂತೋಗಿದೆ ಅಂದ್ಬಿಡಿ ಸಾರ್, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ.” ಇಷ್ಟು ಸಲೀಸಾಗಿ ಬಾಗಿಲು ತೆಗೆದುಕೊಟ್ಟಿದ್ದಳು. ಹೊರಗೆ ಬರುವುದೊಂದು ಬಾಕಿ. ಆದರೆ ಹದಿನಾಲ್ಕು ವರ್ಷದ ರೂಢಿ, ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು, ನಡೀತಿದೆ ತಾಯಿ. ಆ ಕಡೆಯಿಂದ ಒಂದು ಉಸಿರು ಕೇಳಿತು. “ಹಾಗಾದ್ರೆ ಸರಿ ಸಾರ್. ಚೆನ್ನಾಗಿರಲಿ” ಎಂದು ಆಕೆ ಇಟ್ಟುಬಿಟ್ಟಳು. ಯಾರು ಚೆನ್ನಾಗಿರಬೇಕು, ಯಾವ ಮಣ್ಣಿನಲ್ಲಿ ಚೆನ್ನಾಗಿರಬೇಕು ಎಂದು ಸುಧೀಂದ್ರ ಗೋಡೆಯನ್ನು ನೋಡುತ್ತ ಹಲ್ಲು ಕಡಿದ. ಈ ಮುದುಕಿಗೆ ನಾನೇ ಯಾಕೆ ಬೇಕು, ಆಸ್ಪತ್ರೆಗೆ ಫೋನು ಮಾಡಿ ಸಾಯಲಿ ಎಂದುಕೊಂಡ. ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವನೇ ಯಾಕೆ ಎಂದರೆ, ಮಾತು ಕೊಟ್ಟವನು ಅವನೇ. ಹೃದಯ ಕಸಿ ಮಾಡುವವನು ಹೃದಯ ಕೇಳಲು ಹೋಗಬಾರದು, ಅದು ನಿಯಮ. ಕೇಳುವವರು ಬೇರೆ ಇರುತ್ತಾರೆ. ಆವತ್ತು ಅವರು ಎರಡು ಗಂಟೆ ಕೂತು ಕೇಳಿದರೂ ಯಶೋದಮ್ಮ ಆಗಲ್ಲ ಎಂದುಬಿಟ್ಟಿದ್ದಳು, ನನ್ನ ಮಗನ್ನ ಕೊಯ್ಯೋದು ಬೇಡ. ಸುಧೀಂದ್ರನಿಗೆ ತಡೆಯಲಿಲ್ಲ. ನಾಲ್ಕು ಕಸಿ ಮಾಡಿದ್ದ, ನಾಲ್ವರೂ ಬದುಕಿದ್ದರು, ಈ ಊರಿನಲ್ಲಿ ಆ ಕೆಲಸಕ್ಕೆ ಕೈಹಾಕಿದ ಮೊದಲಿಗರಲ್ಲಿ ಒಬ್ಬ ಎಂದು ಪೇಪರಿನವರು ಫೋಟೋ ಹಾಕಿದ್ದರು, ಐದನೆಯವನು ವಾರ್ಡಿನಲ್ಲಿ ಕಾಯುತ್ತಿದ್ದ. ಬಿಳಿ ಕೋಟಿನಲ್ಲೇ ಹೋಗಿ, ಐ.ಸಿ.ಯು. ಹೊರಗೆ ನೆಲದ ಮೇಲೆ ಕೂತಿದ್ದ ಆಕೆಯ ಎದುರು ತಾನೂ ನೆಲದ ಮೇಲೆ ಕೂತ. “ನಿಮ್ಮ ಮಗ ಸಾಯಲ್ಲ ತಾಯಿ. ಅವನ ಹೃದಯ ಬಡ್ಕೊಳ್ತಾನೇ ಇರುತ್ತೆ. ನಾನು ಹೇಳ್ತಿದೀನಿ” ಎಂದ. ಡಾಕ್ಟರು ನೆಲದ ಮೇಲೆ ಕೂತದ್ದನ್ನು ಆಕೆ ನೋಡಿದಳು, ಹೆಬ್ಬೆಟ್ಟು ಒತ್ತಿದಳು. ಆಮೇಲೆ ಆಸ್ಪತ್ರೆಯವರು ಆ ಮಾತನ್ನು ಹೆಕ್ಕಿ ಚೊಕ್ಕ ಮಾಡಿ “ಹೃದಯಕ್ಕೆ ಸಾವಿಲ್ಲ” ಎಂದು ಬಸ್ಸಿನ ಹಿಂಭಾಗಕ್ಕೆ ಅಂಟಿಸಿದರು.

ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಅವನ ಹೊಲಿಗೆಯಲ್ಲಿ ಯಾವತ್ತೂ ತಪ್ಪಿಲ್ಲ. ಕಲಿಯುವಾಗ ವಿಜಯನಗರದ ಮಟನ್ ಅಂಗಡಿಯಿಂದ ಆಡಿನ ಗುಂಡಿಗೆ ತಂದು, ರೂಮಿನ ಬಾಗಿಲು ಹಾಕಿಕೊಂಡು, ಕೂದಲಿನಷ್ಟು ಸಣ್ಣ ದಾರದಲ್ಲಿ ಕೊಯ್ದು ಹೊಲಿದು ಕೊಯ್ದು ಹೊಲಿದು ಕೈ ಪಳಗಿಸಿದವನು. ತರುತ್ತಿದ್ದುದು ಅಮ್ಮ ಮೊಸರನ್ನ ಹಾಕಿಕೊಡುತ್ತಿದ್ದ ಸ್ಟೀಲಿನ ಡಬ್ಬಿಯಲ್ಲಿ. ಒಂದು ದಿನ ತೊಳೆಯಲು ತೆಗೆದ ಅಮ್ಮನಿಗೆ ಮುಚ್ಚಳದಲ್ಲಿ ರಕ್ತ ಕಂಡಿತು. ಆಕೆ ಬೈಯಲಿಲ್ಲ, ಡಬ್ಬಿಯನ್ನು ಬೀದಿಗೆ ಎಸೆದು, ತಲೆಗೆ ನೀರು ಹಾಕಿಕೊಂಡು, ಮೂರು ದಿನ ಅವನ ತಟ್ಟೆಗೆ ಎತ್ತರದಿಂದ ಅನ್ನ ಹಾಕಿದಳು. ಈಗ ಅದೇ ಅಮ್ಮನಿಗೆ ಎಳ್ಳು ನೀರು ಬಿಡು ಎನ್ನುತ್ತಾಳೆ ಇವಳು. ಸುಧೀಂದ್ರ ಇಸ್ತ್ರಿಯಾದ ಜುಬ್ಬ ತೊಡುತ್ತ ಗುಂಡಿ ಸಿಗದೆ ಒದ್ದಾಡಿದ. ಹೊಲಿಗೆಯಲ್ಲಿ ತಪ್ಪಿರಲಿಲ್ಲ, ತಪ್ಪಿದ್ದುದು ಲೆಕ್ಕದಲ್ಲಿ. ಆಗಿನ್ನೂ ಕಿರಿಯ ಡಾಕ್ಟರಾಗಿದ್ದ ದರ್ಶನ್, ಈಗ ಆಸ್ಪತ್ರೆಯ ನಿರ್ದೇಶಕ, ಆಪರೇಷನ್ನಿನ ಹಿಂದಿನ ದಿನವೇ ಕಾಗದ ಹಿಡಿದು ಬಂದಿದ್ದ. “ಸಾರ್, ಇವ್ರ ಶ್ವಾಸಕೋಶದಲ್ಲಿ ಪ್ರೆಶರ್ ತುಂಬ ಇದೆ. ಹೊಸ ಹಾರ್ಟು ತಡ್ಕೊಳ್ಳಲ್ಲ ಸಾರ್, ಬೇಡ.” ಸುಧೀಂದ್ರ ಆ ಕಾಗದವನ್ನು ಮಡಿಸಿ ದರ್ಶನನ ಜೇಬಿಗೇ ಸಿಕ್ಕಿಸಿ, “ನೀನು ಓದಿರೋದು ಪುಸ್ತಕ, ನಾನು ನೋಡಿರೋದು ಮನುಷ್ಯರನ್ನ” ಎಂದಿದ್ದ. ಎಂಟು ಜನರ ಮುಂದೆ. ಹುಡುಗನ ಗಟ್ಟಿ ಹೃದಯ ಆ ಒತ್ತಡದೆದುರು ಎಂಟು ದಿನ ಗುದ್ದಾಡಿ ಒಂಬತ್ತನೆಯ ದಿನ ಸೋತಿತು. ಅಷ್ಟಾದರೂ ದರ್ಶನ್ ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಅದಕ್ಕೇ ನಿರ್ದೇಶಕನಾದನೋ ಏನೋ.

ಹತ್ತು ಗಂಟೆಗೆ ಬರಬೇಕಾಗಿದ್ದ ಆಸ್ಪತ್ರೆಯ ಕಾರು ಹತ್ತೂವರೆಯಾದರೂ ಬರಲಿಲ್ಲ. ವಿಚಾರಿಸಿದರೆ, ಮಂತ್ರಿಗಳ ಕಡೆಯವರನ್ನು ಕರೆತರಲು ಹೋಗಿದೆ, ನೀವು ಹೇಗಾದ್ರೂ ಬಂದ್ಬಿಡ್ತೀರಾ ಸಾರ್ ಎಂದಿತು ಒಂದು ಹೆಣ್ಣು ದನಿ. ಮೂವತ್ತೊಂಬತ್ತು ಜನರ ಎದೆ ತೆರೆದು ಬೇರೆಯವರ ಹೃದಯ ಕೂರಿಸಿದವನು ಜುಬ್ಬ ತೊಟ್ಟು, ಶಲ್ಯ ಹೊದ್ದು, ಬೀದಿ ತುದಿಯಲ್ಲಿ ಆಟೋಗೆ ಕೈ ಅಡ್ಡ ಹಿಡಿದು ನಿಂತ. ನಾಲ್ಕನೆಯ ಆಟೋ ನಿಂತಿತು. ಅಮಾವಾಸ್ಯೆಯ ಪೂಜೆಯಾಗಿ ಮುಂದುಗಡೆ ಹೊಸ ನಿಂಬೆಹಣ್ಣು ಕಟ್ಟಿತ್ತು, ಗಾಜಿನ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು. ರಾಜಾಜಿನಗರದ ಆಸ್ಪತ್ರೆಯ ಬೀದಿಗೆ ತಿರುಗಿದೊಡನೆ ಎರಡಾಳೆತ್ತರದ ಫ್ಲೆಕ್ಸ್ ಕಂಡಿತು, ಹೂವಿನ ಅಂಚು, ಮಧ್ಯೆ ಹತ್ತು ವರ್ಷ ಹಿಂದಿನ ಸುಧೀಂದ್ರ ಕೈಮುಗಿದು ನಗುತ್ತಿದ್ದಾನೆ, ಕೆಳಗೆ “ಹೃದಯಕ್ಕೆ ಸಾವಿಲ್ಲ.” ಆಟೋದವನು ಬ್ರೇಕು ಹಾಕುತ್ತ, “ಪಾಪ, ಯಾವಾಗ ಹೋದ್ರಂತೆ ಸಾರ್ ಇವ್ರು? ಭಾವಪೂರ್ಣ ಶ್ರದ್ಧಾಂಜಲಿ ಇರ್ಬೇಕು, ಅಲ್ವಾ” ಎಂದ. ಸುಧೀಂದ್ರ ನೋಟೊಂದನ್ನು ಅವನ ಕೈಗೆ ತುರುಕಿ ಇಳಿದ. ಗೇಟಿನಲ್ಲಿ ಸೆಕ್ಯೂರಿಟಿಯವನು ಕೋಲು ಅಡ್ಡ ಹಿಡಿದು, “ಅಂಕಲ್, ಇದು ವಿ.ಐ.ಪಿ. ಗೇಟು. ಓ.ಪಿ.ಡಿ. ಹಿಂದ್ಗಡೆಯಿಂದ” ಎಂದ. ಅವನ ತಲೆಯ ಮೇಲೆಯೇ ಫ್ಲೆಕ್ಸಿನ ಸುಧೀಂದ್ರ ನಗುತ್ತಿದ್ದ.

ನಾನ್ಯಾರು ಗೊತ್ತೇನಯ್ಯಾ ಎನ್ನಲು ಬಾಯಿ ತೆರೆದ, ಹಲವು ಸಲ ಹಲವರಿಗೆ ಅಂದು ರೂಢಿಯಿದ್ದ ಮಾತೇ. ಆದರೆ ಫ್ಲೆಕ್ಸಿನ ಕೊನೆಯ ಮೂರಕ್ಷರ ಅವನನ್ನೇ ನೋಡುತ್ತಿದ್ದವು, ಸಾವಿಲ್ಲ. ಈ ಸುಳ್ಳಿಗೆ ಇವತ್ತು ಮಂತ್ರಿ ಬಂದು ಪೇಟ ತೊಡಿಸುತ್ತಾನೆ, ಹಾರ ಹಾಕುತ್ತಾನೆ, ದರ್ಶನ್ ಚಪ್ಪಾಳೆ ತಟ್ಟುತ್ತಾನೆ, ಅಷ್ಟು ಹೊತ್ತಿಗೆ ದೀಪಾಂಜಲಿ ನಗರದಲ್ಲಿ ಎಲೆ ಹಾಕಿ ಆಗಿರುತ್ತದೆ, ಒಂದು ಎಲೆ ಕಡಿಮೆ. ಮುಂದಿನ ವರ್ಷ ಕೇಳುವವಳು ಇರುತ್ತಾಳೋ ಇಲ್ಲವೋ. ಹೇಳಿದರೆ ಇವತ್ತು ಹೇಳಬೇಕು, ಇಲ್ಲದಿದ್ದರೆ ಆ ಹುಡುಗನಿಗೆ ಒಂದು ತುತ್ತೂ ಇಲ್ಲದ ಹಾಗೆ ಮಾಡಿದವನು ನಾನು. ಎಡೆ ಉಣ್ಣಲು ಸತ್ತವರು ಬರುತ್ತಾರೆಂದು ಅವನೇನೂ ನಂಬುವವನಲ್ಲ. ಆದರೆ ಅವಳು ನಂಬುತ್ತಾಳೆ, ಅವನನ್ನು ನಂಬಿದ ಹಾಗೇ. ಇನ್ನೂ ಚಿಲ್ಲರೆ ಹುಡುಕುತ್ತಿದ್ದ ಆಟೋದವನ ಹಿಂದೆ ಹತ್ತಿ ಕೂತು, “ದೀಪಾಂಜಲಿ ನಗರಕ್ಕೆ ನಡಿ. ಬೇಗ” ಎಂದ. “ಒಳಗೆ ಹೋಗಲ್ವಾ ಸಾರ್?” “ಸತ್ತೋರು ಒಳಗೆ ಹೋಗಿ ಏನು ಮಾಡ್ತಾರೆ, ನಡಿಯಯ್ಯಾ.” ಆಟೋದವನು ಕನ್ನಡಿಯಲ್ಲಿ ಒಮ್ಮೆ ಅವನ ಮುಖ ನೋಡಿದ, ಫ್ಲೆಕ್ಸು ನೋಡಿದ, ಗಾಡಿ ತಿರುಗಿಸಿದ.

ಯಶೋದಮ್ಮನ ಮನೆ ಮೆಟ್ರೋ ಕಂಬಗಳ ಹಿಂದಿನ ಅಡ್ಡರಸ್ತೆಯಲ್ಲಿ, ಮೊದಲನೇ ಮಹಡಿಯ ಎರಡು ಕೋಣೆ. ಯಾವುದೋ ವರ್ಷದ ಅಂಗದಾನ ದಿನಕ್ಕೆ ಆಸ್ಪತ್ರೆಯವರು ಆಕೆಗೊಂದು ಸೀರೆ ಹೊದಿಸಿ ಬರಲು ಅವನನ್ನು ಕಳಿಸಿದ್ದರಿಂದ ದಾರಿ ಗೊತ್ತಿತ್ತು. ಮೆಟ್ಟಿಲಿನಲ್ಲೇ ಮಟನ್ ಸಾರಿನ ವಾಸನೆ, ಕಜ್ಜಾಯ ಕರಿದ ವಾಸನೆ. ಗಂಡನ ಮನೆಯ ಎಡೆ ಸಂಜೆಗಿಟ್ಟುಕೊಂಡು ಅಮ್ಮನಿಗೆ ನೆರವಾಗಲು ಬಂದಿದ್ದ ಕಲಾ ಬಾಗಿಲಲ್ಲಿ ನಿಂತಿದ್ದಳು, ಅವಳ ಎರಡು ಮಕ್ಕಳು ಒಳಗೆ ಇಣುಕುತ್ತ ಹಸಿವು ಹಸಿವು ಎನ್ನುತ್ತಿದ್ದವು, ಎಡೆಯಾಗೋವರೆಗೂ ಯಾರೂ ತಿನ್ನುವಂತಿಲ್ಲ. “ಅಮ್ಮಾ, ಡಾಕ್ಟರ್ ಬಂದವ್ರೆ” ಎಂದು ಕಲಾ ಗಾಬರಿಯಲ್ಲಿ ಕೂಗಿದಳು. ಒಳಕೋಣೆಯ ಗೋಡೆಗೊರಗಿಸಿ ಯಶೋದಮ್ಮನ ಗಂಡ ಅಂಜಿನಯ್ಯನ ಫೋಟೋ, ಮುಂದೆ ಒಂದು ಹೊಸ ಪಂಚೆ, ಒಂದು ಕಟ್ಟು ಬೀಡಿ, ಒಂದೇ ಒಂದು ಎಲೆ. ಮುದ್ದೆ ಬಡಿಸುತ್ತಿದ್ದ ಯಶೋದಮ್ಮ ಸೊಂಟ ಹಿಡಿದುಕೊಂಡು ಎದ್ದಳು. “ಬನ್ನಿ ಸಾರ್. ಏನಿದು, ಅಮಾಸೆ ದಿನ.”

ಕೂತರೆ ಹೇಳಲಾಗುವುದಿಲ್ಲವೆಂದು ಅವನು ಕೂರಲಿಲ್ಲ. “ಬೆಳಿಗ್ಗೆ ಸುಳ್ಳು ಹೇಳಿದೆ ತಾಯಿ. ನಿಮ್ಮ ಮಗನ ಹೃದಯ ನಿಂತುಹೋಗಿದೆ.”

ಯಶೋದಮ್ಮ ಸೆರಗಿನ ತುದಿಗೆ ಕೈ ಒರೆಸಿಕೊಂಡಳು. “ಇವತ್ತಾ ಸಾರ್? ನಾನು ಫೋನ್ ಮಾಡಿದ್ಮೇಲಾ?”

ಇದನ್ನು ಅವನು ಎಣಿಸಿರಲಿಲ್ಲ. ಹೂಂ ಎಂದರೆ ಮುಗಿಯಿತು. ಇವತ್ತೇ, ಈಗತಾನೇ ಸುದ್ದಿ ಬಂತು ಎಂದರೆ ಆಕೆ ಅತ್ತು, ಇನ್ನೊಂದು ಎಲೆ ಹಾಕುತ್ತಾಳೆ, ಹುಡುಗನಿಗೆ ಊಟವೂ ಸಿಗುತ್ತದೆ, ಹದಿನಾಲ್ಕು ವರ್ಷ ಹೃದಯ ನಡೆಸಿದ ಡಾಕ್ಟರೆಂದು ಇವನ ಕಾಲಿಗೂ ಬೀಳುತ್ತಾಳೆ. ಹೂಂ ಎನ್ನುವುದು ಗಂಟಲವರೆಗೆ ಬಂದೇಬಿಟ್ಟಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಗಿ, “ಇಲ್ಲ” ಎಂದು ಬೇಕಾದ್ದಕ್ಕಿಂತ ಜೋರಾಗಿ ಹೇಳಿದ. “ಹದಿನಾಲ್ಕು ವರ್ಷ ಆಯ್ತು. ಹಾಕಿದ ಒಂಬತ್ತನೇ ದಿನಾನೇ ನಿಂತಿತು. ಆ ರೋಗಿಗೆ ಹಾಕ್ಬಾರದಾಗಿತ್ತು, ಬೇಡ ಅಂತ ಹೇಳಿದವರಿದ್ರು, ನಾನು ಕೇಳಲಿಲ್ಲ. ಪ್ರತಿ ವರ್ಷ ನಿಮಗೆ ಹೇಳಿದ್ದು ಸುಳ್ಳು.”

ಕಲಾ ಮಕ್ಕಳನ್ನು ಹಿಂದಕ್ಕೆಳೆದುಕೊಂಡಳು. “ಏನ್ ಮಾತಾಡ್ತಿದೀರಾ ಸಾರ್ ನೀವು? ಮನುಷ್ಯರೇನಾ ನೀವು? ನಮ್ಮಪ್ಪ ಸಾಯೋ ದಿನಾನೂ ಕೇಳಿದ್ರು, ಮಗನಿಗೊಂದು ಎಲೆ ಹಾಕ್ರೇ ಅಂತ.” ತಾಯಿಯೂ ಬೈಯಲಿ ಎಂದು ಸುಧೀಂದ್ರ ಕಾದ. ಚಪ್ಪಲಿ ತೆಗೆದುಕೊಂಡು ಹೊಡೆದರೂ ಆಗಬಹುದಿತ್ತು, ಹೊಡೆಸಿಕೊಂಡು ಮನೆಗೆ ಹೋಗಬಹುದಿತ್ತು. ಯಶೋದಮ್ಮ ಮಗಳ ಕಡೆ ನೋಡಲಿಲ್ಲ.

“ಒಂಬತ್ತನೇ ದಿನ” ಎಂದಳು. “ಹನ್ನೊಂದಕ್ಕೆ ತಿಥಿ ಮಾಡ್ಬೇಕು ಅಂದ್ರು ಇವರಪ್ಪ. ಡಾಕ್ಟರು ಹೇಳವ್ರೆ, ನನ್ನ ಮಗ ಬದುಕವ್ನೆ, ತಿಥಿ ಗಿಥಿ ಅಂದ್ರೆ ನಾಲಿಗೆ ಕೀಳ್ತೀನಿ ಅಂದೆ. ಪಾತ್ರೆ ಎತ್ತಿ ಎಸೆದೆ ಅವರ ಮೇಲೆ. ಹಣೆ ಒಡೀತು.” ಫೋಟೋದ ಕಡೆ ನೋಡಿದಳು. “ಕೊನೇವರೆಗೂ ಆ ಗಾಯದ ಗುರುತು ಇತ್ತು ಸಾರ್.”

ಸುಧೀಂದ್ರ ಏನೋ ವಿವರಿಸಲು ಹೊರಟ, ಶ್ವಾಸಕೋಶ, ಒತ್ತಡ, ಹೃದಯದ ಬಲಭಾಗ. ವಿವರಿಸುತ್ತಿದ್ದಂತೆ ತನ್ನ ದನಿ ಭಾಷಣದ ದನಿಯಾಗುತ್ತಿರುವುದು ಅವನಿಗೇ ಕೇಳಿಸಿತು. “ಅದೆಲ್ಲ ನನಗೆ ತಿಳಿಯಲ್ಲ, ಬಿಡಿ” ಎಂದು ಯಶೋದಮ್ಮ ಮೂಲೆಯಲ್ಲಿದ್ದ ಎಲೆಯ ಕಟ್ಟು ಬಿಚ್ಚಿದಳು. ಒಂದೆಲೆ ತೊಳೆದು ಗಂಡನ ಎಲೆಯ ಪಕ್ಕ ಹಾಕಿದಳು. ಮುದ್ದೆ, ಸಾರು, ವಡೆ, ಕಜ್ಜಾಯ. “ಕಲಾ, ಅವನಿಗೆ ಬೋಟಿ ಗೊಜ್ಜು ಇಷ್ಟ. ಇಲ್ವಲ್ಲೇ” ಎಂದಳು. ಆಗ ಮೊದಲ ಸಲ ಆಕೆಯ ಬಾಯಿ ಸೊಟ್ಟಗಾಯಿತು. ಕಲಾ ಗೋಡೆಗೆ ತಿರುಗಿ ಅಳತೊಡಗಿದಳು. ಯಶೋದಮ್ಮ ಮೂಗು ಒರೆಸಿಕೊಂಡು ಮೂರನೆಯ ಎಲೆ ತೊಳೆದಳು, ಹಾಕಿದಳು, ಅದಕ್ಕೂ ಅಷ್ಟೇ ಬಡಿಸಿದಳು. ಕೆಂಡದ ಮೇಲೆ ಧೂಪ ಹಾಕಿ ಗಂಡನನ್ನು ಕರೆದಳು. ಆಮೇಲೆ, “ಮಹದೇವಾ, ಬಾಪ್ಪ. ತಡ ಆಯ್ತು” ಎಂದಳು. ಹೊಗೆಯಲ್ಲಿ ಕೆಮ್ಮುತ್ತ ಸುಧೀಂದ್ರನ ಕಡೆ ತಿರುಗಿದಳು.

“ಇನ್ನೊಬ್ಬರ ಹೆಸರು ಹೇಳಿ ಸಾರ್.”

“ಯಾರದ್ದು?”

“ನನ್ನ ಮಗನ ಗುಂಡಿಗೆ ಹಾಕಿದ್ರಲ್ಲ, ಅವರದ್ದು. ಇವನ ಗುಂಡಿಗೆ ಅವರ ಜೊತೆ ತಾನೇ ಮಣ್ಣಾಗಿರೋದು. ಅವರನ್ನ ಬಿಟ್ಟು ಇವನೊಬ್ಬನನ್ನೇ ಹೆಂಗೆ ಕರೀಲಿ?”

“ಹೆಸರು ಹೇಳೋ ಹಾಗಿಲ್ಲ ತಾಯಿ. ಕೊಟ್ಟವರಿಗೆ ತಗೊಂಡವರ ಹೆಸರು ಹೇಳಬಾರದು ಅಂತ ರೂಲ್ಸ್ ಇದೆ.”

“ಸತ್ತೋರಿಗೂ ರೂಲ್ಸಾ?”

ಇಲ್ಲ, ಹೇಳಿಬಿಡುತ್ತೇನೆ ಎಂದುಕೊಂಡ. ಬಾಯಿ ತೆರೆದ. ಆಗ ತಿಳಿಯಿತು ಅವನಿಗೆ. ವಯಸ್ಸು ನಲವತ್ತಾರು, ಅರವತ್ತೆಂಟು ಕಿಲೋ, ಬಿ ಪಾಸಿಟಿವ್, ಹೊರಗೆ ತೆಗೆದ ಹೃದಯ ಮತ್ತೆ ಬಡಿಯಲು ಹಿಡಿದದ್ದು ನೂರ ಐವತ್ತೆರಡು ನಿಮಿಷ, ಎಡಗೈಯಲ್ಲಿ ಹಳೆಯ ಸುಟ್ಟ ಕಲೆ, ಎಲ್ಲ ಇದೆ. ಭಾಷಣದಲ್ಲಿ, ಬರೆದ ಲೇಖನದಲ್ಲಿ, ಚಿತ್ರ ತೋರಿಸುವಾಗ, ಎಲ್ಲ ಕಡೆ ಐದನೇ ಕೇಸು. ಕೈಹಿಡಿದು, ಹೆದರ್ಬೇಡಿ, ನಾನಿದ್ದೀನಿ ಎಂದಿದ್ದ ಆ ಮನುಷ್ಯನಿಗೆ. ಏನೆಂದು ಕರೆದು ಹಾಗೆಂದಿದ್ದ? ಮೊಬೈಲು ತೆಗೆದು ದರ್ಶನನಿಗೆ ಫೋನು ಮಾಡಿದ. ಆ ಕಡೆ ಮೈಕಿನ ಸದ್ದು. “ಸಾರ್, ಎಲ್ಲಿದೀರಾ, ಮಿನಿಸ್ಟರ್ ಬಂದ್ಬಿಟ್ರು, ಎಲ್ಲಾರೂ ಕಾಯ್ತಾ ಇದಾರೆ” ಎಂದ ದರ್ಶನ್. “ಐದನೇ ಕೇಸಿನವರ ಹೆಸರೇನಯ್ಯಾ?” ಮೈಕಿನಿಂದ ದೂರ ಸರಿದು ದರ್ಶನ್ ದನಿ ತಗ್ಗಿಸಿದ. “ಐದನೇ ಕೇಸಾ ಸಾರ್? ಹಳೇ ಫೈಲೆಲ್ಲ ಗೋಡೌನಲ್ಲಿದೆ. ನಂಗೂ… ಈಗ ಯಾಕೆ ಸಾರ್ ಅದು?” ಸುಧೀಂದ್ರ ಫೋನು ಕಟ್ ಮಾಡಿದ.

“ನೆನಪಿಲ್ಲ ತಾಯಿ” ಎಂದ.

ಯಶೋದಮ್ಮ ಧೂಪದ ಪುಡಿ ಕೆಳಗಿಟ್ಟಳು. ಬಂದಾಗಿನಿಂದ ಅವನು ಕಾಯುತ್ತಿದ್ದ ಸಿಟ್ಟು ಈಗ ಆಕೆಯ ಮುಖಕ್ಕೆ ಬಂದಿತ್ತು. “ನನ್ನ ಮಗನ್ನ ಉಪವಾಸ ಕೆಡವಿದ್ದಕ್ಕೆ ನಿಮ್ಮೊಬ್ಬರನ್ನೇ ಬಯ್ಯಲ್ಲ. ನೀವು ಹೇಳಿದ್ರಿ, ನಾನು ಕೆಡವಿದೆ. ಆದ್ರೆ ಇವರು ನಿಮ್ಮ ಕೈ ನಂಬಿ ಮಲಗಿದೋರು. ಹೆಸರು ಹಿಡಿದು ಕರೀದೆ ಯಾರೂ ಎಲೆ ಮುಂದಕ್ಕೆ ಬರಲ್ಲ. ಹೆಸರು ಹೇಳೋವರೆಗೂ ನಾನು ಈ ಬಾಗಿಲು ಹಾಕಲ್ಲ, ನೀವೂ ಹೋಗೋ ಹಾಗಿಲ್ಲ.” ಕಲಾ, ಮಕ್ಕಳು, ಎಲ್ಲರನ್ನೂ ಹೊರಗೆ ಕಳಿಸಿ ತಾನೂ ಹೊಸ್ತಿಲು ದಾಟಿ, ತೆರೆದ ಬಾಗಿಲಿಗೆ ಅಡ್ಡವಾಗಿ ನಿಂತಳು. ಒಳಗೆ ಒಬ್ಬನೇ ಉಳಿದ ಸುಧೀಂದ್ರನ ಮುಂದೆ ಮೂರು ಎಲೆಗಳ ಮೇಲೆ ಸಾರು ಆರುತ್ತಿತ್ತು. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.

ಸುಧೀಂದ್ರ ಕಣ್ಣು ಮುಚ್ಚಿ ಅ ಅಕ್ಷರದಿಂದ ಶುರುಮಾಡಿದ. “ಅಪ್ಪಾಜಿ” ಎಂದ. “ಅಲ್ಲ. ಅಶ್ವತ್ಥ. ಅಲ್ಲ, ಅದೂ ಅಲ್ಲ.”

“ಮುಂದೆ” ಎಂದಳು ಯಶೋದಮ್ಮ.